ಯಾರ ಕಣ್ಣಿಗೆ ಆ ಪಟ್ಟೆ?

(ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ವಿದ್ಯಾರ್ಥಿಗಳು ಮತ್ತು ಹೈನುಗಾರರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಜೀಬ್ರಾದ ಮೈಮೇಲೆ ಪಟ್ಟೆ ಯಾಕೆ ಅಂತ ಕೇಳಿದರೆ ಇಲ್ಲಿರುವ ಮುಕ್ಕಾಲು ಜನ ‘ಸಿಂಹದ ಕಣ್ಣು ತಪ್ಪಿಸಲಿಕ್ಕೆ’ ಅಂತೀರಿ. ಟೀವಿಯಲ್ಲೂ ಅದೇ, ವಾಟ್ಸಾಪಿನಲ್ಲೂ ಅದೇ. ಈ ಉತ್ತರವನ್ನು ಇವತ್ತು ನಿಮ್ಮ ತಲೆಯಿಂದ ಕಿತ್ತುಹಾಕದೆ ನಾನು ಕೂರುವುದಿಲ್ಲ. ಅದಕ್ಕೆ ಎರಡು ಪ್ರಶ್ನೆ ಸಾಕು. ನೋಡುವ ಕಣ್ಣು ಯಾರದು? ಎಷ್ಟು ದೂರದಿಂದ? ಇದನ್ನೇ ತಿರುತಿರುಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಜಗಳ ಹಳೆಯದು. ಮುಸ್ಸಂಜೆಯ ಮಬ್ಬಿನಲ್ಲಿ ಪಟ್ಟೆ ಪ್ರಾಣಿಯನ್ನು ಮರೆಮಾಡುತ್ತದೆ ಅಂದವರು ಡಾರ್ವಿನ್ನರ ಕಾಲದವರೇ ಆದ ಜೀವವಿಜ್ಞಾನಿ ವಾಲೇಸ್. ಬಟಾಬಯಲಿನಲ್ಲಿ ನಿಂತ ಪ್ರಾಣಿಗೆ ಪಟ್ಟೆಯಿಂದ ಎಂಥ ರಕ್ಷಣೆ ಅಂತ 1871ರಲ್ಲೇ ತಳ್ಳಿಹಾಕಿದವರು ಡಾರ್ವಿನ್. ‘ಹಾಗಾದರೆ ನಮ್ಮ ಹುಲಿಗೂ ಪಟ್ಟೆ ಇದೆಯಲ್ಲ’ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಇದೆ. ಆದರೆ ಹುಲಿ ಬಿದಿರುಮೆಳೆಯ ನೆರಳಲ್ಲಿ, ಕಾನಿನ ಅಂಚಿನಲ್ಲಿ ಉಸಿರು ಬಿಗಿಹಿಡಿದು ಕೂರುವ ಪ್ರಾಣಿ. ಅದನ್ನು ನೋಡಬೇಕಾದ ಜಿಂಕೆಗೆ ಕೆಂಪು-ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ. ಕಿತ್ತಳೆ ಮೈಯೂ ಸೊಪ್ಪಿನ ಬಣ್ಣವೇ. ಜೀಬ್ರಾ ಅಡಗುವುದೇ ಇಲ್ಲ. ಬಯಲಲ್ಲಿ ಹಿಂಡುಕಟ್ಟಿ ಮೇಯುತ್ತದೆ, ಸಾಲದ್ದಕ್ಕೆ ಕೂಗಾಡುತ್ತದೆ.

ಲೆಕ್ಕ ಮಾಡಿ ನೋಡಿದ್ದು 2016ರಲ್ಲಿ. ಅಮಾಂಡಾ ಮೆಲಿನ್, ಟಿಮ್ ಕಾರೋ ಮತ್ತು ಸಂಗಡಿಗರು ಜೀಬ್ರಾದ ಚಿತ್ರಗಳನ್ನು ಸಿಂಹ ಮತ್ತು ಕತ್ತೆಕಿರುಬದ ಕಣ್ಣಿನ ಶಕ್ತಿಗೆ ಇಳಿಸಿ ನೋಡಿದರು. ಹಗಲಲ್ಲಿ 50 ಮೀಟರ್ ದಾಟಿದರೆ, ಮುಸ್ಸಂಜೆಯಲ್ಲಿ 30 ಮೀಟರ್ ದಾಟಿದರೆ ಅವುಗಳಿಗೆ ಪಟ್ಟೆ ಸರಿಯಾಗಿ ಕಾಣುವುದೇ ಇಲ್ಲ. ಅಮಾವಾಸ್ಯೆಯ ಕತ್ತಲಲ್ಲಿ ಈ ದೂರ ಸುಮಾರು 9 ಮೀಟರಿಗೆ ಇಳಿಯುತ್ತದೆ. ಅಷ್ಟು ಹತ್ತಿರ ಬಂದ ಸಿಂಹಕ್ಕೆ ಜೀಬ್ರಾದ ವಾಸನೆ, ಸದ್ದು ಎರಡೂ ಸಿಕ್ಕಾಗಿರುತ್ತದೆ. ಓಡುವ ಹಿಂಡಿನ ಪಟ್ಟೆ ಸಿಂಹದ ಕಣ್ಣು ಕುಕ್ಕುತ್ತದೆ ಅನ್ನುವ ವಾದವೂ ಇದೆ. ಹಾಗೆ ಕುಕ್ಕುವುದಾಗಿದ್ದರೆ ಸಿಂಹದ ಊಟದಲ್ಲಿ ಜೀಬ್ರಾ ಅಪರೂಪವಾಗಬೇಕಿತ್ತು. ಆಗಿಲ್ಲ.

ಇನ್ನು ತಂಪಿನ ವಾದ. ಕಪ್ಪು ಪಟ್ಟೆ ಬಿಸಿಯಾಗುತ್ತದೆ, ಬಿಳಿ ತಣ್ಣಗಿರುತ್ತದೆ, ನಡುವೆ ಗಾಳಿ ಸುಳಿದು ಮೈ ತಣಿಯುತ್ತದೆ ಅಂತ. ಕೇಳಲು ಚೆನ್ನಾಗಿದೆ. ಹಂಗೇರಿಯ ಗಾಬೊರ್ ಹೊರ್ವಾತ್ ತಂಡ ನೀರು ತುಂಬಿದ ಪೀಪಾಯಿಗಳಿಗೆ ಜೀಬ್ರಾ, ಕುದುರೆ, ದನಗಳ ಚರ್ಮ ಹೊದಿಸಿ ತಿಂಗಳುಗಟ್ಟಲೆ ಬಿಸಿಲಲ್ಲಿಟ್ಟಿತು. 2018ರಲ್ಲಿ ಫಲಿತಾಂಶ ಬಂತು: ಪಟ್ಟೆಯಿಂದ ಒಳಗಿನ ನೀರು ತಣ್ಣಗಾಗಲಿಲ್ಲ. ಪೀಪಾಯಿ ಬೆವರುವುದಿಲ್ಲ ಅನ್ನುವ ತಕರಾರು ಇದೆ, ಒಪ್ಪುತ್ತೇನೆ. ಅದಕ್ಕೆ ಆಮೇಲೆ ಬರುತ್ತೇನೆ, ಸಮಯ ಉಳಿದರೆ.

ಹಾಗಾದರೆ ಯಾರ ಕಣ್ಣು? ನೊಣದ್ದು. ಮನೆನೊಣವಲ್ಲ, ಮಳೆ ಹೊಳವಾಗಿ ಬಿಸಿಲು ಬಿದ್ದ ಕೂಡಲೇ ಬ್ಯಾಣದಲ್ಲಿ ಮೇಯುವ ದನದ ಬೆನ್ನಿಗೆ, ಕಾಲಿಗೆ ಬಂದು ಕೂರುವ ದಪ್ಪ ಕುದುರೆ ನೊಣ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕು. ಅದರ ಬಾಯಿ ಸೂಜಿಯಲ್ಲ, ಕತ್ತರಿ: ಚರ್ಮ ಕೊಯ್ದು, ಒಸರಿದ ರಕ್ತ ನೆಕ್ಕುತ್ತದೆ. ಅದಕ್ಕೇ ಅಷ್ಟು ನೋವು, ಅದಕ್ಕೇ ದನ ಬಾಲ ಬೀಸುವುದು. ಓಡಿಸಿದರೆ ಅರ್ಧ ಹೊಟ್ಟೆಯಲ್ಲೇ ಎದ್ದು ಪಕ್ಕದ ದನದ ಮೇಲೆ ಕೂರುತ್ತದೆ, ಬಾಯಿಗಂಟಿದ ರಕ್ತದ ಸಮೇತ. ಜಾನುವಾರುಗಳಿಗೆ ಜ್ವರ ತಂದು ಸೊರಗಿಸುವ ಸರ್ರಾ ರೋಗ ಹರಡುವುದು ಹೀಗೆ. ಆ ರೋಗದ ಪರೋಪಜೀವಿಯನ್ನು ಗ್ರಿಫಿತ್ ಇವಾನ್ಸ್ 1880ರಲ್ಲಿ ಕಂಡುಹಿಡಿದದ್ದು ಆಗಿನ ಪಂಜಾಬಿನ ದೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಕುದುರೆ-ಒಂಟೆಗಳ ರಕ್ತದಲ್ಲಿ. 2000ನೇ ಇಸವಿಯಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ 12 ಹುಲಿ ಸತ್ತದ್ದೂ ಇದೇ ಜಾತಿಯ ಸೋಂಕಿನಿಂದ. ಆಫ್ರಿಕಾದಲ್ಲಿ ಕುದುರೆ ನೊಣದ ಜೊತೆಗೆ ರಕ್ತ ಹೀರಿ ರೋಗ ಹರಡುವ ತ್ಸೆತ್ಸೆ ನೊಣವೂ ಉಂಟು.

ಸಿಂಹವನ್ನು ಬಿಟ್ಟು ನೊಣವನ್ನು ಹಿಡಿದುಕೊಂಡಿದ್ದಾರಲ್ಲ ಅಂತ ನಗಬೇಡಿ. 1957ರಲ್ಲಿ ಇಲ್ಲೇ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗ ಸತ್ತು ಬಿದ್ದಾಗ ಕಾರಣ ಚಿರತೆಯಲ್ಲ, ಉಣ್ಣೆ (ಉಣುಗು) ಹರಡಿದ ಮಂಗನ ಕಾಯಿಲೆಯ ವೈರಸ್. ಈ ಜಿಲ್ಲೆಯವರಿಗೆ ಇದನ್ನು ನಾನು ಹೇಳಬೇಕೆ?

ಈಗ ನನ್ನ ಪ್ರೀತಿಯ ಪ್ರಯೋಗ, ಸ್ವಲ್ಪ ಉದ್ದ ಹೇಳುತ್ತೇನೆ. ಇಂಗ್ಲೆಂಡಿನ ಒಂದು ಲಾಯ. ಅಲ್ಲಿ ಕುದುರೆಗಳ ಜೊತೆ ಸಾಕಿದ ಜೀಬ್ರಾಗಳೂ ಇದ್ದವು. ಕಾರೋ ತಂಡ ಪಕ್ಕದಲ್ಲೇ ನಿಂತು ನೊಣ ಎಣಿಸಿತು, ವಿಡಿಯೋ ಮಾಡಿತು. 2019ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಸುತ್ತ ಸುಳಿಯುವ ನೊಣ ಎರಡಕ್ಕೂ ಸಮ. ಕೂರುವ ನೊಣ ಮಾತ್ರ ಜೀಬ್ರಾಕ್ಕೆ ಕಾಲುಭಾಗ! ಅಂದರೆ ದೂರದಿಂದ ನೊಣಕ್ಕೂ ಪಟ್ಟೆ ಕಾಣುವುದಿಲ್ಲ, ಬೂದು ಬಣ್ಣದ ಒಂದು ಪ್ರಾಣಿ ಅಷ್ಟೆ. ವ್ಯತ್ಯಾಸ ಆಗುವುದು ಕೊನೆಯ ಗಳಿಗೆಯಲ್ಲಿ. ಕುದುರೆಯ ಮೇಲೆ ಇಳಿಯುವ ನೊಣ ವೇಗ ತಗ್ಗಿಸಿ ಮೆತ್ತಗೆ ಕೂರುತ್ತದೆ. ಜೀಬ್ರಾದ ಹತ್ತಿರ ಬಂದದ್ದು ವೇಗವನ್ನೇ ತಗ್ಗಿಸದೆ ಮೈಗೆ ಡಿಕ್ಕಿ ಹೊಡೆದು ಹಾರಿಹೋಗುತ್ತದೆ, ಇಲ್ಲವೇ ಪಕ್ಕದಲ್ಲಿ ತೂರಿಹೋಗುತ್ತದೆ.

ಜೀಬ್ರಾದ ಮೈವಾಸನೆಯೇ ಬೇರೆ ಇರಬಹುದಲ್ಲ? ಸರಿಯಾದ ಅನುಮಾನ. ಅದಕ್ಕೇ ಅದೇ ಕುದುರೆಗಳಿಗೆ ಸರದಿಯ ಮೇಲೆ ಕಪ್ಪು, ಬಿಳಿ, ಪಟ್ಟೆ ಅಂಗಿ ತೊಡಿಸಿದರು. ಪಟ್ಟೆ ಅಂಗಿಯ ಮೇಲೆ ಕೂತ ನೊಣ ತೀರಾ ಕಡಿಮೆ. ಮುಚ್ಚದೆ ಬಿಟ್ಟ ತಲೆಯ ಮೇಲೆ ಮಾತ್ರ ಮೂರೂ ಸರದಿಯಲ್ಲಿ ನೊಣ ಹೆಚ್ಚುಕಡಿಮೆ ಅಷ್ಟೇ. ಆ ತಲೆಯ ಎಣಿಕೆಯೇ ಇಡೀ ಪ್ರಯೋಗದ ಜೀವ. ಕುದುರೆ ಅದೇ, ವಾಸನೆ ಅದೇ, ಹೊತ್ತು ಅದೇ. ಬದಲಾದದ್ದು ಬಟ್ಟೆ ಮಾತ್ರ.

ಜಪಾನಿನವರು ಇದನ್ನು ದನಕ್ಕೆ ತಂದರು. ಅದೂ 2019ರಲ್ಲೇ. ಆರು ಕಪ್ಪು ಹಸು, ಮೈಮೇಲೆ ಬಿಳಿ ಪಟ್ಟೆ. ಕಚ್ಚುವ ನೊಣ ಸುಮಾರು ಅರ್ಧಕ್ಕೆ ಇಳಿಯಿತು, ತಲೆ ಕೊಡಹುವುದು, ಕಾಲು ಬಡಿಯುವುದೂ ತಗ್ಗಿತು. ಬಣ್ಣದ ವಾಸನೆಗೆ ನೊಣ ಓಡಿತೇ ಅಂತ ತಿಳಿಯಲು ಕಪ್ಪು ಹಸುವಿಗೆ ಕಪ್ಪು ಬಣ್ಣದ್ದೇ ಪಟ್ಟೆ ಬಳಿದೂ ನೋಡಿದರು. ಕೆಲಸ ಮಾಡಲಿಲ್ಲ. ಕಪ್ಪು ಹಸುವಿಗೆ ಕಪ್ಪು ಬಳಿಯುತ್ತಿರುವುದನ್ನು ನೋಡಿದ ಪಕ್ಕದ ಮನೆಯವರು ಏನಂದುಕೊಂಡರೋ! 2025ರಲ್ಲಿ ಇವರಿಗೆ ಇಗ್ ನೊಬೆಲ್ ಬಂತು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಕ್ಕೆ ಕೊಡುವ ಬಹುಮಾನ ಅದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷವಂತೆ. ಹಾಗಾದರೆ ಶಾಲೆಯ ಮಕ್ಕಳು ಮಾಡಬಹುದಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಎರಡಡಿ ಚೌಕದ ಪ್ಲೈವುಡ್ ಮೂರು: ಒಂದು ಪೂರ್ತಿ ಕಪ್ಪು, ಒಂದು ಪೂರ್ತಿ ಬಿಳಿ, ಒಂದಕ್ಕೆ ಒಂದೊಂದಿಂಚಿನ ಕಪ್ಪು-ಬಿಳಿ ಪಟ್ಟೆ. ಪಟ್ಟೆ ಅಗಲವಾದಷ್ಟೂ ನೊಣ ಹೆಚ್ಚು ಬರುತ್ತದೆ, ಅರ್ಧ ಅಡಿಯ ಪಟ್ಟೆ ಬಳಿದು ‘ವಿಜ್ಞಾನ ಸುಳ್ಳು’ ಅನ್ನಬೇಡಿ. ಬಣ್ಣ ಒಂದೇ ಕಂಪನಿಯದು, ಒಂದೇ ಹೊಳಪಿನದು ಇರಲಿ. ಕುದುರೆ ನೊಣ ಕೆರೆ ಹುಡುಕುವುದು ನೀರಿನ ಮೇಲಿಂದ ಧ್ರುವೀಕರಣಗೊಂಡು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತ ಬರುವ ಬೆಳಕಿನಿಂದ. ಹೊಳೆಯುವ ಕಪ್ಪು ಹಲಗೆಯೂ ಅದಕ್ಕೆ ನೀರಿನ ಹಾಗೇ. ಒಂದಕ್ಕೆ ಮಾತ್ರ ಹೊಳಪಿನ ಬಣ್ಣ ಹಚ್ಚಿದರೆ ಎಣಿಕೆ ಕೆಟ್ಟಿತು.

ಮೇಲೆ ಇಲಿ ಹಿಡಿಯುವ ಅಂಟನ್ನು ತೆಳ್ಳಗೆ ಸವರಿ. ಹಕ್ಕಿ, ಓತಿಕ್ಯಾತ ಸಿಕ್ಕಿಬೀಳದಂತೆ ಮುಂದೆ ಅಗಲ ಕಣ್ಣಿನ ಬಲೆ ಕಟ್ಟಲೇಬೇಕು. ಬಿಸಿಲಿಗೇ ಇಡಿ, ಕೊಟ್ಟಿಗೆಯ ನೆರಳಲ್ಲಿ ಕುದುರೆ ನೊಣ ಕಡಿಮೆ. ಕೆರೆಯ ಬದಿಯ ಹಲಗೆಗೆ ಹೇಗಿದ್ದರೂ ಹೆಚ್ಚು ನೊಣ ಬೀಳುತ್ತದೆ, ಆದ್ದರಿಂದ ದಿನಾ ಜಾಗ ಅದಲುಬದಲು ಮಾಡಿ. ಮನೆನೊಣವನ್ನು ಬೇರೆ ಎಣಿಸಿ. ಅಂಟಿಗೆ ದೂಳು ಕೂತರೆ ಕೆರೆದು ಹೊಸದು ಹಚ್ಚಿ.

ಪೀಪಾಯಿ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ತಂಪಿನ ವಾದದ ಪರವಾಗಿ ಒಂದು ಮಾತಿದೆ: ಬಯಲು ಜೀಬ್ರಾಗಳಲ್ಲಿ ಬಿಸಿ ಹೆಚ್ಚಿರುವ ಕಡೆ ಪಟ್ಟೆ ದಟ್ಟ ಅಂತ 2015ರ ಅಧ್ಯಯನ ತೋರಿಸಿದೆ. ಬಿಸಿ ಹೆಚ್ಚಿದ ಕಡೆ ನೊಣವೂ ಹೆಚ್ಚಿರಬಹುದು, ಅಷ್ಟಕ್ಕೇ ಬಿಡೋಣ. ಭ್ರೂಣದಲ್ಲಿ ಪಟ್ಟೆ ಮೂಡುವುದು, 1883ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸತ್ತ ಕೊನೆಯ ಕ್ವಾಗಾ (ಅಳಿದುಹೋದ ಒಂದು ಬಗೆಯ ಜೀಬ್ರಾ), ಅದರ ಮುಂಭಾಗಕ್ಕೆ ಮಾತ್ರ ಪಟ್ಟೆ ಇದ್ದದ್ದು, ಇವೆಲ್ಲ ನನ್ನ ಟಿಪ್ಪಣಿಯಲ್ಲೇ ಉಳಿದವು. ಜೀಬ್ರಾದ ಚರ್ಮ ಕಪ್ಪು, ಬಿಳಿ ಇರುವುದು ರೋಮದಲ್ಲಿ ಅಂತ ಒಂದು ಮಾತು ಸೇರಿಸಿಕೊಳ್ಳಿ.

ಹೈನುಗಾರರು ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ: ನಮ್ಮ ದನಕ್ಕೂ ಪಟ್ಟೆ ಬಳಿಯಬಹುದೆ? ಸುಣ್ಣ ಮಾತ್ರ ಬೇಡ, ಚರ್ಮ ಸುಡುತ್ತದೆ, ನೆಕ್ಕಿದರೆ ಬಾಯಿಯೂ ಸುಡುತ್ತದೆ. ಎಣ್ಣೆ ಬಣ್ಣವೂ ಬೇಡ. ನೀರಿನ ಬಣ್ಣ ನಮ್ಮ ಆಷಾಢದ ಮಳೆಗೆ ಒಂದು ದಿನವೂ ನಿಲ್ಲದು. ಪಟ್ಟೆ ಬಟ್ಟೆ ಹೊದಿಸಿದರೆ ಒದ್ದೆಯಾಗಿ ಅಡಿಯಲ್ಲಿ ಉಣ್ಣೆ ಸೇರುತ್ತದೆ. ಹೊಳವಿನ ದಿನ ಹೊದಿಸಿ ಸಂಜೆ ತೆಗೆಯುವುದಾದರೆ ಒಂದೆರಡು ದನಕ್ಕೆ ಮಾಡಿ ನೋಡಬಹುದು. ಸೊಳ್ಳೆ, ಉಣ್ಣೆಗೆ ಇದು ಮದ್ದೆಂದು ತಿಳಿಯಬೇಡಿ, ಸಂಜೆಯ ಹೊಗೆಯನ್ನೂ ನಿಲ್ಲಿಸಬೇಡಿ. ಎಣಿಸುವಾಗ ಹೊದಿಸಿದ ದನದ್ದೂ ಹೊದಿಸದ ದನದ್ದೂ ಒಂದೇ ಹೊತ್ತಿಗೆ ಎಣಿಸಿ, ತಲೆಯ ಮೇಲಿನದನ್ನು ಬೇರೆ ಬರೆದಿಡಿ.