ಪಾರ್ಟೋಗ್ರಾಫ್ ಆಮೇಲೆ ತುಂಬಿಸಬೇಡಿ
(ಉಡುಪಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಿದೆ. ಹಿಂದಿನ ಬೆಂಚಿಗೆ ಕೇಳದಿದ್ದರೆ ಕೈ ಎತ್ತಿ.

ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಕೇಂದ್ರಕ್ಕೆ ಏನೇನು ಕಾನೂನು ಅಂತ ಕೇಳಿದರೆ ನೀವು ಗೋಡೆಯ ಮೇಲಿನ ಸರ್ಟಿಫಿಕೇಟು ತೋರಿಸುತ್ತೀರಿ. ಅದು ಬೇಕೇ ಬೇಕು. ನಮ್ಮ ರಾಜ್ಯದಲ್ಲಿ ಖಾಸಗಿ ಹೆರಿಗೆಮನೆ ನಡೆಸಲು 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಲೇಬೇಕು. ದರಪಟ್ಟಿ ಎಲ್ಲರಿಗೂ ಕಾಣಬೇಕು. ಮಗು ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಬೇಕು. ಸೂಜಿ ಬಿಳಿ ಡಬ್ಬಕ್ಕೆ, ಮಾಸು ಹಳದಿ ಚೀಲಕ್ಕೆ. ಮಾಸನ್ನು ಮನೆಗೆ ಒಯ್ದು ಹೂಳುತ್ತೇವೆ ಅಂತ ಕೇಳುವ ಅಜ್ಜಿಯಂದಿರು ಇನ್ನೂ ಇದ್ದಾರೆ, ಅವರಿಗೆ ಸಮಾಧಾನ ಹೇಳುವುದೂ ನಿಮ್ಮದೇ ಕೆಲಸ. ಇದೆಲ್ಲ ನಿಮಗೆ ಬಾಯಿಪಾಠ, ಅಲ್ವಾ?

ನಾನು ಬಂದದ್ದು ಒಂದು ಹಾಳೆಯ ವಿಷಯ ಮಾತಾಡಲು, ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಆಗಾಗಲೇ ಗುರುತು ಹಾಕುವ ಹಾಳೆ. ಪಾರ್ಟೋಗ್ರಾಫ್.

ನನ್ನ ಮೊದಲ ಕೆಲಸದಲ್ಲಿ ಒಂದು ರಾತ್ರಿ ಮೂರು ಹೆರಿಗೆ, ನಾವಿದ್ದದ್ದು ಇಬ್ಬರು. ಬೆಳಿಗ್ಗೆ ಚಹಾ ಕುಡಿಯುತ್ತಾ ಮೂರೂ ಹಾಳೆ ತುಂಬಿಸಿದೆವು. ಒಂದೇ ಪೆನ್ನು, ಮುದ್ದಾದ ಅಕ್ಷರ. ಮಗುವಿನ ಎದೆಬಡಿತ 140, 140, 144. ತಪಾಸಣೆಗೆ ಬಂದವರು ಫೈಲು ನೋಡಿ ಹೊಗಳಿದರು. ತಾಯಂದಿರೂ ಮಕ್ಕಳೂ ಚೆನ್ನಾಗಿದ್ದರು. ಹಾಗಾಗಿ ನನಗೆ ನಾಚಿಕೆ ಆಗಲು ಇನ್ನೂ ಎರಡು ವರ್ಷ ಬೇಕಾಯಿತು.

ಆ ಹಾಳೆಯಲ್ಲಿ ಎರಡು ಓರೆ ಗೆರೆ ಇವೆ. ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದ ಮೇಲೆ ಗಂಟೆಗೆ 1 ಸೆಂಟಿಮೀಟರ್ ಲೆಕ್ಕದಲ್ಲಿ ಹೋಗುವುದು ಮೊದಲನೆಯದು, ಅಲರ್ಟ್ ಗೆರೆ. ಹೆರಿಗೆ ಅದಕ್ಕಿಂತ ನಿಧಾನವಾದರೆ ನಮ್ಮ ಗುರುತು ಆ ಗೆರೆ ದಾಟಿ ಬಲಕ್ಕೆ ಬೀಳುತ್ತದೆ. ಅಲರ್ಟ್ ಗೆರೆಯ ಬಲಕ್ಕೆ 4 ಗಂಟೆ ದೂರದಲ್ಲಿ ಆ್ಯಕ್ಷನ್ ಗೆರೆ, ಅಲ್ಲಿಗೆ ಮುಟ್ಟಿದರೆ ಏನು ಮಾಡಬೇಕು ಅಂತ ತೀರ್ಮಾನಿಸಲೇಬೇಕು. ದೊಡ್ಡ ಆಸ್ಪತ್ರೆಯಲ್ಲಿ ಆ 4 ಗಂಟೆ ಕಾಯಬಹುದು, ಪಕ್ಕದ ಕೋಣೆಯಲ್ಲೇ ಡಾಕ್ಟರು. ಕೇಂದ್ರ ಸರ್ಕಾರ 2018ರಲ್ಲಿ ಮಿಡ್‌ವೈಫ್ ಘಟಕಗಳನ್ನು ಯೋಚಿಸಿದ್ದೂ ಸರ್ಕಾರಿ ಆಸ್ಪತ್ರೆಗಳಿಗೆ ಹೊಂದಿಕೊಂಡಂತೆಯೇ. ಆದರೆ ನಿಮ್ಮ ಕೇಂದ್ರ ಹೆಬ್ರಿ ಕಡೆ ಇದೆ, ಜುಲೈ ತಿಂಗಳು, ರಸ್ತೆಗೆ ಮರ ಬಿದ್ದಿದೆ ಅಂತ ಇಟ್ಟುಕೊಳ್ಳಿ. ಆಗ ಆ 4 ಗಂಟೆಯಲ್ಲೇ 108 ಬರಬೇಕು, ಗರ್ಭಿಣಿ ಉಡುಪಿ ಮುಟ್ಟಬೇಕು, ಆಪರೇಷನ್ ಥಿಯೇಟರ್ ಸಿದ್ಧವಾಗಬೇಕು. ನಮ್ಮ ಮಟ್ಟಿಗೆ ಅಲರ್ಟ್ ಗೆರೆ ದಾಟಿತು ಅಂದರೆ ಹೊರಟೆವು ಅಂತಲೇ ಅರ್ಥ. ಬೆಳಿಗ್ಗೆ ತುಂಬಿಸಿದ ಹಾಳೆಯಲ್ಲಿ ಆ ಗೆರೆ ಯಾರನ್ನು ಎಚ್ಚರಿಸುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸ ಹಾಳೆ ತಂದಿದೆ. ಅದರಲ್ಲಿ ಎಣಿಕೆ 5 ಸೆಂಟಿಮೀಟರಿನಿಂದ, ಈ ಗೆರೆಗಳೂ ಇಲ್ಲ. ಯಾವ ಹಾಳೆಯಾದರೂ ಬಳಸಿ. ಅರ್ಧ ಗಂಟೆಗೊಮ್ಮೆ ಎದೆಬಡಿತ ಕೇಳಿ, ಕೇಳಿದ ಕೂಡಲೇ ಬರೆಯಿರಿ.

ನಾನು ಪೆನ್ನಿಗೆ ದಾರ ಕಟ್ಟಿ ಹೆರಿಗೆ ಮಂಚಕ್ಕೇ ಗಂಟು ಹಾಕಿದ್ದೇನೆ. ಈಗ ನನ್ನ ಹಾಳೆಗಳು ಗಲೀಜು. ಮೂರು ಥರದ ಅಕ್ಷರ, ನೀರಿನ ಕಲೆ, ಅಲ್ಲಲ್ಲಿ ಕಾಟು. ಹೀಗ್ಯಾಕೆ ಅಂತ ತಪಾಸಣೆಯವರು ಕೇಳಿದ್ದಾರೆ.

ಒಂದು ಹಾಳೆ ತಂದಿದ್ದೇನೆ, ಹೆಸರು ಮುಚ್ಚಿದ್ದೇನೆ. ಮುಂದಿನ ಬೆಂಚಿನಿಂದ ದಾಟಿಸಿ. ರಾತ್ರಿ ಎರಡೂವರೆಗೆ ಬರೆದ ಅಂಕಿ ನೋಡಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಒಬ್ಬೊಬ್ಬರಾಗಿ ಹೇಳಿ.