ಒರಾಂಡಾ ಮೊಟ್ಟೆ ಇಟ್ಟಿದೆ, ಕಲಬುರಗಿಯಲ್ಲಿ!

ಇಗೋ, ಹಸಿರು ನೂಲಿನ ಕುಚ್ಚನ್ನು ನೋಡಿ. ಸಾಸಿವೆಯಷ್ಟು ಸಣ್ಣಗೆ, ಪಾರದರ್ಶಕವಾಗಿ ಅಂಟಿಕೊಂಡಿರುವುದೆಲ್ಲ ಒರಾಂಡಾ ಎಂಬ ಗೋಲ್ಡ್‌ಫಿಶ್ ತಳಿಯ ಮೊಟ್ಟೆ. ಬೆಳಗಿನ ಜಾವ ಗಂಡು ಮೀನು ಹೆಣ್ಣಿನ ಹೊಟ್ಟೆಗೆ ಗುದ್ದುತ್ತಾ ಅಟ್ಟಾಡಿಸಿದ್ದನ್ನು ಈಗಷ್ಟೇ ಕಂಡಿರಿ. ಬಿಟ್ಟರೆ ಹೆತ್ತವರೇ ಮೊಟ್ಟೆಗಳನ್ನು ತಿಂದುಬಿಡುತ್ತಾರೆ, ಅದಕ್ಕೇ ಕುಚ್ಚನ್ನು ಬೇರೆ ತೊಟ್ಟಿಗೆ ಹಾಕಿದ್ದೇನೆ.

ಈ ಜೋಡಿಯ ಕಥೆ ಹೇಳಲೇಬೇಕು. ಮೊದಲು ತಂದ ಎರಡು ಮರಿಗಳಿಗೆ 1,800 ರೂಪಾಯಿ ಕೊಟ್ಟಿದ್ದೆ. “ಒಯ್ಯಿರಿ ಅಕ್ಕಾ, ಪಕ್ಕಾ ಜೋಡಿ” ಎಂದಿದ್ದರು ಅಂಗಡಿಯವರು. ಅಷ್ಟು ಸಣ್ಣ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಯಾರಿಂದಲೂ ಆಗದು! ಪ್ರಾಯಕ್ಕೆ ಬಂದಾಗ ಎರಡರ ಕಿವಿರು ಮುಚ್ಚಳದ ಮೇಲೂ ಬಿಳಿ ಚುಕ್ಕೆಗಳೆದ್ದವು. ಎರಡೂ ಗಂಡು. ಕೇಳಲು ಹೋದರೆ ಅದೇ ಅಂಗಡಿಯವರು ಅದು ಬಿಳಿ ಚುಕ್ಕೆ ರೋಗವೆಂದು 150 ರೂಪಾಯಿಯ ನೀಲಿ ಔಷಧಿ ಮಾರಲು ನೋಡಿದರು. ರೋಗದ ಚುಕ್ಕೆ ಮೈತುಂಬಾ, ಬಾಲದ ಮೇಲೂ ಹರಡುತ್ತದೆ. ಗಂಡಿನ ಚುಕ್ಕೆ ಕಿವಿರು ಮುಚ್ಚಳದಲ್ಲಿ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಏಳುತ್ತದೆ. ಆರೋಗ್ಯವಂತ ಗಂಡಿಗೆ ಔಷಧಿ ಕುಡಿಸುವುದೇ? ಈ ಹೊಟ್ಟೆ ದಪ್ಪದ ಹೆಣ್ಣನ್ನು ಆಮೇಲೆ ಹವ್ಯಾಸಿಯೊಬ್ಬರಿಂದ ತಂದೆ.

ನಮ್ಮ ಊರಿನಲ್ಲಿ ಬೇಸಿಗೆಯಲ್ಲಿ ಮರಿ ಮಾಡಿಸಲು ಹೋಗಲೇಬೇಡಿ. ಬಿಸಿಲು 42 ಡಿಗ್ರಿ ದಾಟುತ್ತದೆ, ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಮೇಲಾಗಿ ಕರೆಂಟ್ ಹೋದರೆ ಗಾಳಿಯ ಪಂಪೂ ನಿಲ್ಲುತ್ತದೆ. ಚಳಿ ಉಂಡ ಮೀನು ಸಂಕ್ರಾಂತಿ ಕಳೆದು ನೀರು ಮೆಲ್ಲನೆ ಬೆಚ್ಚಗಾಗುವಾಗ ತಾನೇ ಮೊಟ್ಟೆ ಇಡುತ್ತದೆ. ಎತ್ತರದ ಬೀದರಿನವರು ಪುಣ್ಯವಂತರು, ಅಲ್ಲಿ ಸೆಕೆ ಸ್ವಲ್ಪ ಕಡಿಮೆ. ಆದರೂ ನಮ್ಮ ಒಣ ಹವೆಯನ್ನು ಪೂರ್ತಿ ಬೈಯಲಾರೆ. ನೀರಿನ ಮೇಲೆ ಫ್ಯಾನ್ ತಿರುಗಿಸಿದರೆ ಬೇಗ ತಣಿಯುತ್ತದೆ.

ಬೆನ್ನ ಮೇಲೆ ರೆಕ್ಕೆಯೇ ಇಲ್ಲದ ರಾಂಚು ಎಂಬ ಇನ್ನೊಂದು ಗೋಲ್ಡ್‌ಫಿಶ್ ತಳಿಯನ್ನು ಮೊದಲು ಅಂದಗೇಡಿ ಎನ್ನುತ್ತಿದ್ದೆ. ಈಗ ನೋಡಿ, ಆ ಮೂಲೆಯಲ್ಲಿ ಎಷ್ಟು ಗತ್ತಿನಿಂದ ತಿರುಗುತ್ತಿದೆ! ಆದರೂ ನನಗೆ ಒರಾಂಡಾವೇ ಮೇಲು.

ಅಯ್ಯೋ, ಮೊಟ್ಟೆ! ಬೆಳ್ಳಗಾದವು ಕೆಟ್ಟವು, ಬೂಸ್ಟು ಹಬ್ಬುವ ಮೊದಲೇ ತೆಗೆಯಿರಿ. 22 ಡಿಗ್ರಿಯ ನೀರಿನಲ್ಲಿ ಸುಮಾರು ನಾಲ್ಕು ದಿನಕ್ಕೆ ಒಡೆಯುತ್ತವೆ. ಮೊದಲ ಎರಡು ದಿನ ಮರಿಗೆ ತನ್ನ ಹಳದಿ ಚೀಲವೇ ಊಟ, ಆಮೇಲೆ ಆರ್ಟೀಮಿಯಾ ಎಂಬ ಸಣ್ಣ ಸೀಗಡಿಯಂಥ ಜೀವಿಯ ಮರಿ. ಅದರ ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಒಂದು ದಿನ ಮುಂಚೆಯೇ ಹಾಕಿಡಬೇಕು. ಬಾಟಲಿ ತರುತ್ತೇನೆ, ಇರಿ.