ಡೆಮೊವನ್ನೇ ಉಳಿಸಿಕೊಂಡ ಆಲ್ಬಂ: ಅಡೆಲ್ ಅವರ ‘21’

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಗಾಯಕಿ ಅಡೆಲ್ ಅವರ ಎರಡನೆಯ ಸ್ಟುಡಿಯೊ ಆಲ್ಬಂ ‘21’ ಬಂದದ್ದು 2011ರ ಜನವರಿಯಲ್ಲಿ, ಲಂಡನ್ನಿನ ಎಕ್ಸ್‌ಎಲ್ ರೆಕಾರ್ಡಿಂಗ್ಸ್ ಕಂಪನಿಯಿಂದ. ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಅದು ಒಟ್ಟು 24 ವಾರ ಮೊದಲ ಸ್ಥಾನದಲ್ಲಿತ್ತು. 2012ರ ಫೆಬ್ರವರಿಯಲ್ಲಿ ಒಂದೇ ಸಂಜೆ ಆರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಮೊದಲ ಆಲ್ಬಂ ‘19’ ಅವರನ್ನು ಪರಿಚಯಿಸಿತ್ತು. ಜಗತ್ತಿನ ಮನೆಮನೆಗೆ ತಲುಪಿಸಿದ್ದು ಇದು. ಗೆಲುವಿನ ಅಂಕಿಗಳನ್ನು ಇಲ್ಲಿಗೇ ಬಿಟ್ಟು, ರೆಕಾರ್ಡಿಂಗ್ ಕೋಣೆಯೊಳಗೆ ನಡೆದ ಒಂದು ತೀರ್ಮಾನವನ್ನು ಹತ್ತಿರದಿಂದ ನೋಡೋಣ. ಯಾವ ಟೇಕ್ (ಒಂದು ಸಲ ಹಾಡಿ ಹಿಡಿದದ್ದು) ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬ ತೀರ್ಮಾನ ಅದು. ಈ ಆಲ್ಬಂನ ಬಹುಪಾಲು ಬಲ ಅಲ್ಲಿಂದಲೇ ಬಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಡೆಮೊ ಎಂದರೆ ಹಾಡಿನ ಕಚ್ಚಾ ರೂಪ. ಹಾಡು ಹುಟ್ಟಿದ ದಿನವೇ, ಮರೆತುಹೋಗದಿರಲಿ ಎಂದು ಹಾಡಿಟ್ಟದ್ದು. ಆಮೇಲೆ ಒಳ್ಳೆಯ ಸ್ಟುಡಿಯೊದಲ್ಲಿ, ಒಳ್ಳೆಯ ವಾದ್ಯಗಾರರೊಂದಿಗೆ ಅದನ್ನು ಮತ್ತೆ ಹಾಡಿಸುವುದು ರೂಢಿ. ‘21’ರಲ್ಲೂ ಹಾಗೇ ಮಾಡಲು ಹೊರಟಿದ್ದರು. ಅಡೆಲ್ ನಿರ್ಮಾಪಕ ರಿಕ್ ರೂಬಿನ್ ಅವರೊಂದಿಗೆ ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿರುವ ಶಾಂಗ್ರಿ-ಲಾ ಸ್ಟುಡಿಯೊದಲ್ಲಿ ಕೂತರು. ಡ್ರಮ್ಸ್‌ಗೆ ಕ್ರಿಸ್ ಡೇವ್, ಬೇಸ್‌ಗೆ ಪಿನೊ ಪಲ್ಲಡಿನೊ, ಪಿಯಾನೊಗೆ ಜೇಮ್ಸ್ ಪಾಯ್ಸರ್, ಗಿಟಾರ್‌ಗೆ ಮ್ಯಾಟ್ ಸ್ವೀನಿ. ಇದಕ್ಕಿಂತ ಒಳ್ಳೆಯ ತಂಡ ಸಿಗುವುದು ಕಷ್ಟ. ರೂಬಿನ್ ಅವರ ನಿಯಮ ಸರಳ: ಸ್ಯಾಂಪಲ್ (ಬೇರೆ ರೆಕಾರ್ಡಿಂಗಿನಿಂದ ತಂದ ತುಣುಕು) ಬೇಡ, ಎಲೆಕ್ಟ್ರಾನಿಕ್ ವಾದ್ಯ ಬೇಡ, ಎಲ್ಲರೂ ಒಟ್ಟಿಗೆ ನುಡಿಸಬೇಕು.

ಇಷ್ಟೆಲ್ಲ ಆದ ಮೇಲೆ ಕೊನೆಯ 11 ಹಾಡುಗಳ ಪಟ್ಟಿಯಲ್ಲಿ ಮಾಲಿಬುವಿನ ಹಾಡುಗಳು ಉಳಿದದ್ದು ನಾಲ್ಕು ಮಾತ್ರ. ಜನ ಇಂದಿಗೂ ಗುನುಗುವ ಮೂರು ಹಾಡುಗಳು, ‘ರೋಲಿಂಗ್ ಇನ್ ದ ಡೀಪ್’, ‘ಸೆಟ್ ಫೈರ್ ಟು ದ ರೇನ್’, ‘ಸಮ್‌ವನ್ ಲೈಕ್ ಯು’, ಆ ನಾಲ್ಕರಲ್ಲಿಲ್ಲ. ಈ ಮೂರರಲ್ಲೂ ನಾವು ಕೇಳುವ ಮುಖ್ಯ ದನಿ ಡೆಮೊದ ದನಿ.

ಮೊದಲು ‘ರೋಲಿಂಗ್ ಇನ್ ದ ಡೀಪ್’. ನಿರ್ಮಾಪಕ ಪಾಲ್ ಎಪ್‌ವರ್ತ್ ಅವರೊಂದಿಗೆ ಲಂಡನ್ನಿನಲ್ಲಿ ಬರೆದದ್ದು. ಪ್ರೇಮಭಂಗದ ಬೆನ್ನಿಗೇ ಬಂದಿದ್ದ ಅಡೆಲ್‌ಗೆ ನಿಧಾನಗತಿಯ ಶೋಕಗೀತೆ ಬೇಕಿತ್ತು. ಎಪ್‌ವರ್ತ್ ಸಿಟ್ಟಿನ ಹಾಡಿನ ಕಡೆಗೆ ತಿರುಗಿಸಿದರು. ಶ್ರುತಿ ಸಿ ಮೈನರ್, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ವೇಗ ನಿಮಿಷಕ್ಕೆ ಸುಮಾರು 105 ಬೀಟ್. ಶುರುವಿನಲ್ಲಿ ಗಿಟಾರ್ ಒಂದೇ ಇದೆ, ಅದೂ ತಂತಿಯನ್ನು ಅಂಗೈಯಿಂದ ಒತ್ತಿ ಹಿಡಿದು ನುಡಿಸಿದ್ದು. ನಾದ ಹರಡುವುದಿಲ್ಲ, ಬರೀ ತಾಳ ಕೇಳುತ್ತದೆ. ಕೆಲವು ಸಾಲು ಕಳೆದ ಮೇಲೆ ಕಿಕ್ ಡ್ರಮ್ ಪ್ರತಿ ಬೀಟಿಗೂ ಬೀಳತೊಡಗುತ್ತದೆ. ಚರಣದಲ್ಲಿ ಗಿಟಾರ್ ನುಡಿಸುವುದು ಷಡ್ಜ-ಪಂಚಮಗಳ ಜೋಡಿಯನ್ನು ಮಾತ್ರ, ಗಾಂಧಾರವಿಲ್ಲ. ಹೀಗಾಗಿ ಗಾಂಧಾರದಿಂದ ತಿಳಿಯುವ ಮೇಜರ್ ಮೈನರ್ ಬಣ್ಣವನ್ನು ತುಂಬುವ ಕೆಲಸ ಪೂರ್ತಿ ಹಾಡುಗಾರ್ತಿಯದು. ಪಿಯಾನೊ ಮತ್ತು ಹಿಂದಿನ ದನಿಗಳು ಸೇರಿ ಪೂರ್ಣ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕಟ್ಟಿಕೊಳ್ಳುವುದು ಆಮೇಲೆ. ಕೋರಸ್, ಅಂದರೆ ಮರಳಿ ಮರಳಿ ಬರುವ ಪಲ್ಲವಿ, ಅಷ್ಟು ಅಗಲವಾಗಿ ತೆರೆದುಕೊಂಡಂತೆ ಕೇಳುವುದಕ್ಕೆ ಇದೇ ಕಾರಣ. ಹೆಜ್ಜೆ ಅಪ್ಪಳಿಸಿದಂತೆ ಕೇಳುವ ಸದ್ದು ನಿಜಕ್ಕೂ ಹೆಜ್ಜೆಯದೇ, ಅಡೆಲ್ ಮರದ ಮೆಟ್ಟಿಲಿನ ಮೇಲೆ ಕಾಲು ಬಡಿದದ್ದು.

ಡೆಮೊದಲ್ಲಿ ಹಿಡಿದ ಅಡೆಲ್ ದನಿಯಲ್ಲಿ ಸ್ವಲ್ಪ ಒಡಕಿದೆ, ಏರುವ ಜಾಗಗಳಲ್ಲಿ ಒರಟುತನ ಇದೆ. ತಾಂತ್ರಿಕವಾಗಿ ಅದನ್ನು ದೋಷ ಎನ್ನಬಹುದು. ಆದರೆ ಅದನ್ನು ಮತ್ತೆ ತರಲು ಆಗಲಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ಹಾಡುಗಾರರು ಗಮನಿಸಬೇಕು. ಮೊದಲ ಸಲ ಹಾಡುವಾಗ ಮುಂದಿನ ಸಾಲು ಎಲ್ಲಿ ಇಳಿಯುತ್ತದೆ ಎಂಬುದು ಗಂಟಲಿಗೆ ಗೊತ್ತಿರುವುದಿಲ್ಲ. ಉಸಿರು ತಡವಾಗಿ ಸಿಗುತ್ತದೆ, ಪದ ಬೀಟಿಗಿಂತ ಒಂದು ಎಳೆ ಹಿಂದೆ ಬೀಳುತ್ತದೆ, ಮೇಲಿನ ಸ್ವರಕ್ಕೆ ಜಿಗಿಯುವಾಗ ಬೇಕಾದದ್ದಕ್ಕಿಂತ ಹೆಚ್ಚು ಒತ್ತಡ ಹಾಕುತ್ತೇವೆ. ಮೂರು ತಿಂಗಳ ನಂತರ ಅದೇ ಹಾಡಿಗೆ ಉಸಿರಿನ ಜಾಗಗಳು ನಿಗದಿಯಾಗಿರುತ್ತವೆ. ಆಗ ಹಾಡುಗಾರ್ತಿ ಹಾಡುವುದು ಹಾಡನ್ನಲ್ಲ, ತನ್ನದೇ ಡೆಮೊದ ಅನುಕರಣೆಯನ್ನು.

ನಮ್ಮ ಸಿನಿಮಾ ಸಂಗೀತದಲ್ಲಿ ಟ್ರ್ಯಾಕ್ ಹಾಡುವವರನ್ನು ಬಲ್ಲವರಿಗೆ ಇದು ಹೊಸತಲ್ಲ. ದೊಡ್ಡ ಗಾಯಕರು ಬರುವವರೆಗೆ ಇರಲಿ ಎಂದು ಹಾಡಿಸಿದ ದನಿಯೇ ಎಷ್ಟೋ ಸಲ ಕೊನೆಗೆ ಉಳಿದುಬಿಡುತ್ತದೆ.

‘ಸಮ್‌ವನ್ ಲೈಕ್ ಯು’ ಇನ್ನೂ ಧೈರ್ಯದ ತೀರ್ಮಾನ. ಗೀತರಚನೆಕಾರ ಡ್ಯಾನ್ ವಿಲ್ಸನ್ ಜೊತೆ ಲಾಸ್ ಏಂಜಲೀಸ್‌ನಲ್ಲಿ ಎರಡು ದಿನ ಕೂತು ಮಾಡಿದ ಹಾಡು. ಇರುವುದು ಒಂದು ಪಿಯಾನೊ ಮತ್ತು ದನಿ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಎ ಮೇಜರ್, ಅಂದರೆ ಬಿಳಿ ಆರು. ನಿಮಿಷಕ್ಕೆ ಸುಮಾರು 68 ಬೀಟ್. ಬಲಗೈ ಒಂದು ಬೀಟಿಗೆ ನಾಲ್ಕು ಸ್ವರದಂತೆ ಕಾರ್ಡನ್ನು ಬಿಡಿಸುತ್ತಾ ಹೋಗುತ್ತದೆ, ಎಡಗೈಯ ಸ್ವರ ಎ ಇಂದ ಜಿ ಶಾರ್ಪ್, ಎಫ್ ಶಾರ್ಪ್, ಡಿ ಎಂದು ಇಳಿಯುತ್ತದೆ. ಈ ಇಳಿಕೆಯ ಎದುರು ಕೋರಸ್‌ನಲ್ಲಿ ದನಿ ಮೇಲಕ್ಕೆ ಹೋಗುತ್ತದೆ. ಕಾರ್ಡಿಗೆ ಸೇರದ ಸ್ವರವನ್ನು ಒತ್ತಿ ಆಮೇಲೆ ಕಾರ್ಡಿನ ಸ್ವರಕ್ಕೆ ಇಳಿಯುವ ಅಲಂಕಾರವೇ ಈ ಹಾಡು ಕೇಳುಗರ ಕಣ್ಣಲ್ಲಿ ನೀರು ತರಿಸುವುದಕ್ಕೆ ಕಾರಣ ಎಂದು 2012ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಅದು ಅರ್ಧ ಉತ್ತರ ಅಷ್ಟೆ. ಅಂಥ ಸ್ವರಗಳು ಸಾವಿರ ಹಾಡುಗಳಲ್ಲಿವೆ. ಇಲ್ಲಿ ಅವನ್ನು ಮುಚ್ಚಲು ಬೇರೆ ವಾದ್ಯವೇ ಇಲ್ಲ ಎಂಬುದು ಹೆಚ್ಚು ಮುಖ್ಯ. 2011ರ ಫೆಬ್ರವರಿಯಲ್ಲಿ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲೂ ಪಿಯಾನೊ ಒಂದನ್ನೇ ಇಟ್ಟುಕೊಂಡು ಹಾಡಿದರು. ಆಮೇಲೆ ಹಾಡು ಬ್ರಿಟನ್ನಿನ ಪಟ್ಟಿಯ ತುದಿಗೆ ಹೋಯಿತು.

ನಿರ್ಮಾಪಕ ಫ್ರೇಸರ್ ಟಿ ಸ್ಮಿತ್ ಅವರ ‘ಸೆಟ್ ಫೈರ್ ಟು ದ ರೇನ್’ನಲ್ಲಿ ದಾರಿ ಬೇರೆ: ಡೆಮೊದ ದನಿಯನ್ನು ಹಾಗೇ ಇಟ್ಟು, ಅದರ ಸುತ್ತ ನಿಜವಾದ ಡ್ರಮ್ಸ್ ಮತ್ತು ತಂತಿವಾದ್ಯಗಳನ್ನು ಆಮೇಲೆ ಸೇರಿಸಿದರು.

ಹಾಗಾದರೆ ಮನೆಯಲ್ಲಿ, ಚಿಕ್ಕ ಸ್ಟುಡಿಯೊದಲ್ಲಿ ಹಾಡು ಮಾಡುವವರು ಏನು ಮಾಡಬೇಕು? ಮೊದಲ ದಿನದ ಡೆಮೊವನ್ನೇ ಆಲ್ಬಂಗೆ ಹಾಕಬಹುದಾದ ಗುಣಮಟ್ಟದಲ್ಲಿ ಹಿಡಿಯಬೇಕು. ಮೊಬೈಲಿನಲ್ಲಿ ಹಿಡಿದ ಡೆಮೊ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಅದು ನೆನಪಾಗಿ ಉಳಿಯುತ್ತದೆ, ದನಿಯಾಗಿ ಅಲ್ಲ.

ರೆಕಾರ್ಡಿಂಗ್ ಗುಣಮಟ್ಟವನ್ನು 24 ಬಿಟ್, 48 ಕಿಲೋಹರ್ಟ್ಸ್‌ಗೆ ಇಡಿ. ಮೈಕಿಗೂ ಬಾಯಿಗೂ 15ರಿಂದ 20 ಸೆಂಟಿಮೀಟರ್, ನಡುವೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಪರದೆ). ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಹೊಂದಿಸುವಾಗ ಮೆಲ್ಲಗೆ ಗುನುಗಿ ನೋಡಬೇಡಿ. ಕೋರಸ್‌ನ ಅತಿ ಎತ್ತರದ ಸಾಲನ್ನು ಪೂರ್ತಿ ಗಂಟಲಿನಲ್ಲಿ ಹಾಡಿ, ಮೀಟರ್ ಮೈನಸ್ 10 ಡೆಸಿಬಲ್ ದಾಟದಂತೆ ಇಡಿ. ಡೆಮೊಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಚರಣಕ್ಕೆ ಹೊಂದಿಸಿದ ಗೇನ್ ಕೋರಸ್‌ನಲ್ಲಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ. ರಿವರ್ಬ್ (ದೊಡ್ಡ ಕೋಣೆಯ ಪ್ರತಿಧ್ವನಿಯ ಪರಿಣಾಮ) ಬೇಕೆನಿಸಿದರೆ ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳಿ, ಫೈಲಿನೊಳಗೆ ಸೇರಿಸಬೇಡಿ.

ಪಿಯಾನೊ ನುಡಿಸುತ್ತಾ ಹಾಡಿದರೆ ಪಿಯಾನೊ ಸದ್ದು ದನಿಯ ಮೈಕಿಗೂ ಬರುತ್ತದೆ. ಆಗ ಒಂದು ಅಪಸ್ವರ ಸರಿಪಡಿಸಲು ಹೋದರೆ ಜೊತೆಗೆ ಪಿಯಾನೊವೂ ಅಲುಗಾಡುತ್ತದೆ. ಫಿಗರ್-ಎಯ್ಟ್ ಮೈಕ್ (ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ ಚೆನ್ನಾಗಿ ಹಿಡಿಯುವಂಥದ್ದು) ಇದ್ದರೆ ಅದರ ಪಕ್ಕದ ಮಗ್ಗುಲನ್ನು ಪಿಯಾನೊ ಕಡೆಗೆ ತಿರುಗಿಸಿ. ಆ ದಿಕ್ಕಿನಿಂದ ಅದು ಬಹಳ ಕಡಿಮೆ ಕೇಳಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಪಿಯಾನೊ ಮೊದಲು, ದನಿ ಆಮೇಲೆ, ಆದರೆ ಅದೇ ದಿನ.

ಕ್ಲಿಕ್, ಅಂದರೆ ಹೆಡ್‌ಫೋನಿನಲ್ಲಿ ಲಯ ತೋರಿಸುವ ಟಿಕ್ ಟಿಕ್ ಸದ್ದು, ಹಾಕಿಕೊಂಡೇ ಹಾಡಿ. ‘ಸೆಟ್ ಫೈರ್’ನಂತೆ ಆಮೇಲೆ ಡ್ರಮ್ಸ್ ಕೂರಿಸಬೇಕಾದರೆ ಸ್ಥಿರವಾದ ಲಯ ಬೇಕೇ ಬೇಕು. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದಿರಲಿ, ಕೊನೆಯ ಉದ್ದ ಸ್ವರ ಬರುವ ಮುಂಚೆ ಕ್ಲಿಕ್ ನಿಲ್ಲಿಸಿ. ಇಲ್ಲವಾದರೆ ಆ ನಿಶ್ಶಬ್ದದಲ್ಲಿ ಟಿಕ್ ಟಿಕ್ ಉಳಿಯುತ್ತದೆ. ಪಿಯಾನೊ ಹಳೆಯದಾಗಿದ್ದರೆ ಅದರ ಶ್ರುತಿ ರೂಢಿಯ ಅಳತೆಗಿಂತ (ಎ ಸ್ವರಕ್ಕೆ 440 ಹರ್ಟ್ಸ್) ಕೆಳಗಿರಬಹುದು. ಅವತ್ತೇ ಟ್ಯೂನರ್ ಹಿಡಿದು ಬರೆದಿಟ್ಟುಕೊಳ್ಳಿ, ಆರು ತಿಂಗಳ ಮೇಲೆ ಪಿಟೀಲಿನವರು ಬಂದಾಗ ಆ ಸಂಖ್ಯೆ ಬೇಕಾಗುತ್ತದೆ. ಜೊತೆಗೆ ಮೈಕಿನ ಹೆಸರು, ಗೇನ್ ಗುಂಡಿಯ ಸ್ಥಾನ, ನಿಂತ ಜಾಗದ ಒಂದು ಫೋಟೊ.

ಇಷ್ಟಾದರೂ ಒಂದೆರಡು ಸಾಲು ಮತ್ತೆ ಹಾಡಲೇಬೇಕಾದ ಸಂದರ್ಭ ಬರುತ್ತದೆ. ಪದ ಬದಲಾಗಿರಬಹುದು, ಹೊರಗೆ ಹಾರ್ನ್ ಕೇಳಿರಬಹುದು. ಆ ಸಾಲನ್ನಷ್ಟೇ ಹಾಡಿಸಿದರೆ ಬಣ್ಣ ಹೊಂದುವುದಿಲ್ಲ. ನಾಲ್ಕು ಸಾಲು ಹಿಂದಿನಿಂದ, ಡೆಮೊದ ಜೊತೆಜೊತೆಗೆ ಹಾಡಿಸಿಕೊಂಡು ಬನ್ನಿ, ಗಂಟಲು ಅದೇ ಬಿಸಿಗೆ ಬರಲಿ. ಬೆಸುಗೆ ಹಾಕುವ ಜಾಗ ಉಸಿರಿನ ಮುಂಚೆ ಅಥವಾ ಪ, ತ, ಕದಂಥ ಗಟ್ಟಿ ವ್ಯಂಜನದ ಬುಡದಲ್ಲಿರಲಿ, ಎಳೆದ ಸ್ವರದ ನಡುವೆ ಬೇಡ. 5ರಿಂದ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ತುಣುಕು ತಗ್ಗುತ್ತಾ ಇನ್ನೊಂದು ಏರುವುದು) ಸಾಕು. ಹಳೆಯ ಉಸಿರು, ಹೊಸ ಉಸಿರು ಎರಡೂ ಉಳಿದುಬಿಟ್ಟರೆ ಎಂಥವರಿಗೂ ಗೊತ್ತಾಗುತ್ತದೆ; ಒಂದನ್ನು ತೆಗೆಯಿರಿ.